ಏರು ಹತ್ತಲು ಕ್ಲಿಪ್‌ಲೆಸ್ ಪೆಡಲ್ ಬೇಕೇ ಬೇಕಾ?

ಪ್ರಶ್ನೆ: ಸರ್, ನನಗೆ 44 ವರ್ಷ. ಮೂರ್ನಾಡಿನ ಹತ್ತಿರ ಮನೆ, ಶಾಲೆಯಲ್ಲಿ ಟೀಚರ್. ಒಂದೂವರೆ ವರ್ಷದಿಂದ ರೋಡ್ ಬೈಕ್ ತುಳಿಯುತ್ತಿದ್ದೇನೆ. ಭಾನುವಾರ ಮಡಿಕೇರಿಗೋ ನಾಪೋಕ್ಲು ಕಡೆಗೋ ಹೋಗಿ ಬರುತ್ತೇನೆ. ಉಳಿದ ದಿನ ಅದೇ ಸೈಕಲ್ಲಿನಲ್ಲಿ ಚಪ್ಪಲಿ ಹಾಕಿಕೊಂಡು ಅಂಗಡಿಗೂ ಹೋಗುವುದುಂಟು. ಜೊತೆಗೆ ಬರುವವರೆಲ್ಲ ಕ್ಲಿಪ್‌ಲೆಸ್ ಪೆಡಲ್, ಅಂದರೆ ಶೂ ಅಟ್ಟೆಯನ್ನು ಕಚ್ಚಿ ಹಿಡಿದು ಹಿಮ್ಮಡಿ ತಿರುಗಿಸಿದರೆ ಬಿಡುವಂಥದ್ದು, ಹಾಕಿಸಿಕೊಂಡಿದ್ದಾರೆ. ಮೊನ್ನೆ ಭಾಗಮಂಡಲದಿಂದ ತಲಕಾವೇರಿಗೆ ಹತ್ತುವಾಗ ನಾನೊಬ್ಬಳೇ ಎರಡು ಕಡೆ ಇಳಿದು ತಳ್ಳಬೇಕಾಯಿತು. ‘ನೀವು ಬರೀ ತುಳಿಯುತ್ತೀರಿ, ನಾವು ಮೇಲಕ್ಕೂ ಎಳೆಯುತ್ತೇವೆ, ಅದಕ್ಕೇ’ ಅಂದರು. ಮೈಸೂರಿನ ಅಂಗಡಿಯಲ್ಲಿ ಮೂರು ಬೋಲ್ಟಿನ ಕ್ಲೀಟ್ (ಅಟ್ಟೆಯ ಅಡಿಗೆ ಹಾಕುವ, ಪೆಡಲಿಗೆ ಸಿಕ್ಕಿಕೊಳ್ಳುವ ತುಂಡು), ಕಾರ್ಬನ್ ಅಟ್ಟೆಯ ಶೂ ತೋರಿಸಿದರು. ಮನೆಯಲ್ಲಿ ‘ಕಾಲು ಕಟ್ಟಿಕೊಂಡು ಬಿದ್ದು ಕೈ ಮುರ್ಕೊಳ್ತೀಯ’ ಅಂತಾರೆ. ವರ್ಷಗಳ ಹಿಂದೆ ಕೌಟುಂಬಿಕ ಹಾಕಿಯಲ್ಲಿ ನನ್ನ ಬಲ ಮಂಡಿ ತಿರುಚಿತ್ತು, ಈಗಲೂ ಆಗಾಗ ನೋವು ಬರುತ್ತದೆ. ನನ್ನ ಪಾದ ಅಗಲ. ಗೇರಿನ ಹಲ್ಲು ಮುಂದೆ 50-34, ಹಿಂದೆ 11-28. ಏನು ಕೊಳ್ಳಲಿ? ಕೊಳ್ಳಲೇಬೇಕಾ? ನಮ್ಮ ಮಳೆಗೆ ಆ ಶೂ ತಡೆಯುತ್ತಾ?

ಉತ್ತರ: ಮೇಡಂ, ಹಾಕಿಸದಿದ್ದರೆ ಹಿಂದೆ ಬೀಳುತ್ತೇನೆ, ಹಾಕಿಸಿದರೆ ಕೆಳಗೆ ಬೀಳುತ್ತೇನೆ ಎನ್ನುವುದು ನಿಮ್ಮ ಆತಂಕ. ನನ್ನ ಹತ್ತಿರ ಸೈಕಲ್ ಫಿಟ್ಟಿಂಗಿಗೆ ಬರುವ ಹೊಸಬರಲ್ಲಿ ಹೆಚ್ಚಿನವರು ಇದೇ ಎರಡು ಮಾತಿನ ನಡುವೆ ಸಿಕ್ಕಿಕೊಂಡಿರುತ್ತಾರೆ. ಎರಡರಲ್ಲೂ ಒಂದಿಷ್ಟು ನಿಜ ಇದೆ, ಬಹಳಷ್ಟು ಉತ್ಪ್ರೇಕ್ಷೆ ಇದೆ. ಹದಿನೈದು ವರ್ಷ ಈ ಜಿಲ್ಲೆಯ ಸೈಕಲ್ಲುಗಳ ಕೆಲಸ ಮಾಡಿದ ಮೇಲೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: ನೀವು ಎಲ್ಲೆಲ್ಲಿ ಕಾಲು ಊರುತ್ತೀರಿ? ಎಷ್ಟು ಜೋರಾಗಿ ತುಳಿಯುತ್ತೀರಿ ಎನ್ನುವುದು ಆಮೇಲಿನ ಮಾತು. ಕೊಡಗಿನಲ್ಲಿ ಪೆಡಲ್ ಆರಿಸಬೇಕಾದದ್ದು ಇಳಿಯುವ ಜಾಗ ನೋಡಿ.

ಮೊದಲು ‘ಮೇಲಕ್ಕೆ ಎಳೆಯುವ’ ವಿಷಯ ಮುಗಿಸಿಬಿಡೋಣ. ಕಾಲು ಪೆಡಲಿಗೆ ಸಿಕ್ಕಿಕೊಂಡರೆ ಒಂದು ಕಾಲು ತುಳಿಯುವಾಗ ಇನ್ನೊಂದು ಎಳೆಯುತ್ತದೆ, ಶಕ್ತಿ ಇಮ್ಮಡಿ ಆಗುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಕ್ರ್ಯಾಂಕಿಗೆ, ಅಂದರೆ ಪೆಡಲ್ ಕೂರುವ ತೋಳಿಗೆ, ಅಳತೆಯ ಸಾಧನ ಹಾಕಿ ನೋಡಿದರೆ, ನುರಿತ ರೇಸಿನವರಲ್ಲೂ ಕೆಲಸದ ಬಹುಪಾಲು ಆಗುವುದು ಕೆಳಕ್ಕೆ ತುಳಿಯುವಾಗಲೇ. ಹಿಂದಿನ ಕಾಲು ಮೇಲೇರುವಾಗ ಅವರು ಮಾಡುವುದೆಂದರೆ ತಮ್ಮ ಕಾಲಿನ ಭಾರವನ್ನು ಪೆಡಲ್ ಮೇಲಿಂದ ಆದಷ್ಟು ಹಗುರ ಮಾಡುವುದು, ಅಷ್ಟೇ. ಬೇಕೆಂದೇ ಎಳೆಯಿರಿ ಎಂದು ಹೇಳಿ ಪರೀಕ್ಷಿಸಿದಾಗ ಅದೇ ವೇಗಕ್ಕೆ ದೇಹ ಹೆಚ್ಚು ಶಕ್ತಿ ಖರ್ಚು ಮಾಡಿದ್ದು ಕಂಡುಬಂದಿದೆ. ತೊಡೆಯ ಮುಂದಿನ ಸ್ನಾಯು ದೊಡ್ಡದು, ತುಳಿಯುವುದಕ್ಕೆ ಹೇಳಿ ಮಾಡಿಸಿದ್ದು. ಸೊಂಟದಿಂದ ಕಾಲು ಎತ್ತುವ ಸ್ನಾಯು ಬೇಗ ಸೋಲುತ್ತದೆ.

ಹಾಗಾದರೆ ಈ ಪೆಡಲಿನಿಂದ ಲಾಭ ಇಲ್ಲವೇ? ಇದೆ. ಮಳೆಯಲ್ಲಿ ಕಾಲು ಜಾರುವುದಿಲ್ಲ. ಹೊಂಡ ತಪ್ಪಿಸಿ ಇಳಿಜಾರಿನಲ್ಲಿ ಬರುವಾಗ, ಸೈಕಲ್ ಕುಕ್ಕಿದರೂ ಪಾದ ಪೆಡಲ್ ಬಿಟ್ಟು ಹಾರುವುದಿಲ್ಲ. ಸೀಟು ಬಿಟ್ಟೆದ್ದು ತುಳಿಯುವಾಗ ಧೈರ್ಯ ಬರುತ್ತದೆ. ಪಾದ ಪ್ರತಿ ಸಲ ಒಂದೇ ಜಾಗದಲ್ಲಿ ಕೂರುತ್ತದೆ, ಕಾಲು ಚುರುಕಾಗಿ ತಿರುಗುತ್ತದೆ. ನಾನೂ ದೂರದ ಸವಾರಿಗೆ ಅದನ್ನೇ ಹಾಕುತ್ತೇನೆ. ಅದನ್ನು ಹಾಕಿಸದ ಕಾರಣಕ್ಕೆ ನೀವು ತಲಕಾವೇರಿಯಲ್ಲಿ ಇಳಿದಿರಿ ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ.

ನೀವು ಇಳಿದದ್ದಕ್ಕೆ ಕಾರಣ ನಿಮ್ಮ ಪತ್ರದ ಕೊನೆಯಲ್ಲೇ ಇದೆ. ಮುಂದೆ 34 ಹಲ್ಲು, ಹಿಂದೆ ದೊಡ್ಡದು 28. ಪೆಡಲ್ ಒಂದು ಸುತ್ತು ಬಂದರೆ ಹಿಂದಿನ ಚಕ್ರ 1.21 ಸುತ್ತು ಹೋಗಬೇಕು. ರೋಡ್ ಬೈಕಿನ ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಎಂದಿಟ್ಟುಕೊಂಡರೆ ಒಂದು ತುಳಿತಕ್ಕೆ ಎರಡೂವರೆ ಮೀಟರ್. ಕಡಿದಾದ ಏರಿನಲ್ಲಿ ನಿಮ್ಮ ವೇಗ ಗಂಟೆಗೆ 6 ಕಿ.ಮೀ. ಇದ್ದರೆ, ಅಂದರೆ ನಿಮಿಷಕ್ಕೆ 100 ಮೀಟರ್, ಕಾಲು ತಿರುಗುವುದು ನಿಮಿಷಕ್ಕೆ 39 ಸುತ್ತು. ಅದು ತುಳಿತವೇ ಅಲ್ಲ, ಒಂದೊಂದು ಮೆಟ್ಟಿಲಿಗೆ ಒಂದೊಂದು ಮೂಟೆ ಎತ್ತಿದ ಹಾಗೆ. ಮಂಡಿಯ ಮೇಲೆ ಭಾರ ಬೀಳುವುದೂ ಅಲ್ಲೇ. ಹಿಂದೆ ದೊಡ್ಡದು 34 ಹಲ್ಲಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿದರೆ ಅದೇ ವೇಗಕ್ಕೆ 48 ಸುತ್ತು ಬರುತ್ತದೆ. ಭಾಗಮಂಡಲದಿಂದ ಮೇಲಕ್ಕೆ 8 ಕಿ.ಮೀ. ದಾರಿ, ತುದಿಯಲ್ಲಿ ತಲಕಾವೇರಿ ಸಮುದ್ರಮಟ್ಟದಿಂದ 1276 ಮೀಟರ್. ಅಲ್ಲಿ ಆ ಒಂಬತ್ತು ಸುತ್ತಿನ ವ್ಯತ್ಯಾಸವೇ ಸೀಟಿನ ಮೇಲೆ ಇರುವುದಕ್ಕೂ ಇಳಿದು ತಳ್ಳುವುದಕ್ಕೂ ಇರುವ ವ್ಯತ್ಯಾಸ. ನಿಮ್ಮ ಹಿಂದಿನ ಡಿರೈಲರ್ (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಸಾಧನ) ಎಷ್ಟು ಹಲ್ಲಿನವರೆಗೆ ಒಪ್ಪುತ್ತದೆ ಎಂದು ಮೆಕ್ಯಾನಿಕ್ ಹತ್ತಿರ ಕೇಳಿ. ಕೆಲವು 32ಕ್ಕೆ ನಿಲ್ಲುತ್ತವೆ, ಅದೂ ಸಾಕಷ್ಟು ಹಗುರ. ಚೈನ್ ಉದ್ದವನ್ನೂ ನೋಡಿಸಿ. ಕೈಯಲ್ಲಿರುವ ಹಣದಲ್ಲಿ ಒಂದೇ ಕೆಲಸ ಆಗುವುದಾದರೆ ಇದನ್ನೇ ಮೊದಲು ಮಾಡಿಸಿ.

ಈಗ ಬೀಳುವ ವಿಷಯ. ಇದನ್ನು ನಾನು ಹಗುರವಾಗಿ ಹೇಳಲಾರೆ, ಯಾಕೆಂದರೆ ಬಿದ್ದು ನೋವು ತಿಂದಿದ್ದೇನೆ.

ಚೇರಂಬಾಣೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಎದುರಿಗೆ ಜೀಪು ಬಂತು. ನಾನು ಎಡಕ್ಕೆ ಸರಿದು ನಿಂತೆ. ಎಡಗಾಲು ಸರಿಯಾಗಿಯೇ ಬಿಡಿಸಿದ್ದೆ. ಆದರೆ ಹಿಂದಿನ ವಾರದ ಮಳೆಗೆ ಡಾಂಬರಿನ ಅಂಚಿನ ಮಣ್ಣು ಕೊಚ್ಚಿಹೋಗಿ ಒಂದು ಗೇಣು ತಗ್ಗಾಗಿತ್ತು, ಮೇಲೆ ಹುಲ್ಲು ಬೆಳೆದು ಮುಚ್ಚಿತ್ತು. ನೆಲ ಇದೆ ಎಂದು ಊರಿದ ಕಡೆ ನೆಲವೇ ಇರಲಿಲ್ಲ. ಸೈಕಲ್ ಎಡಕ್ಕೆ ವಾಲಿತು, ಬಲಗಾಲು ಇನ್ನೂ ಪೆಡಲಿನಲ್ಲೇ ಇತ್ತು, ಎಡಗೈ ಊರಿ ಬಿದ್ದೆ. ವೇಗ ಸೊನ್ನೆ. ಮುಂಗೈ ಸ್ವಲ್ಪ ಊದಿತು ಅಷ್ಟೆ. ಹೆಬ್ಬೆರಳಿನ ಬುಡದ ಹಳ್ಳದಲ್ಲಿ ಒತ್ತಿದರೆ ಮಾತ್ರ ಜೀವ ಹೋಗುವ ನೋವು. ಅಲ್ಲಿರುವ ಸಣ್ಣ ಮೂಳೆ, ಸ್ಕ್ಯಾಫಾಯ್ಡ್, ಬಿರುಕು ಬಿಟ್ಟಿತ್ತು. ಆ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಸಾಮಾನ್ಯ. ರಕ್ತ ಸಂಚಾರ ಕಡಿಮೆ ಇರುವ ಮೂಳೆ, ನಿರ್ಲಕ್ಷ್ಯ ಮಾಡಿದರೆ ಕೂಡಿಕೊಳ್ಳುವುದೇ ಇಲ್ಲ. ಆದ್ದರಿಂದ ಯಾರೇ ಹೀಗೆ ಕೈ ಊರಿ ಬಿದ್ದು ಆ ಹಳ್ಳದಲ್ಲಿ ನೋವು ಬಂದರೆ, ಊತ ಇಲ್ಲ ಎಂದು ಸುಮ್ಮನಿರದೆ ಡಾಕ್ಟರಿಗೆ ತೋರಿಸಿ, ಅವರು ಮತ್ತೆ ಬನ್ನಿ ಎಂದ ದಿನ ತಪ್ಪದೆ ಹೋಗಿ.

ಕ್ಲಿಪ್‌ಲೆಸ್ ಹಾಕಿದ ಹೊಸಬರು ಬೀಳುವುದು ಹೆಚ್ಚಾಗಿ ಹೀಗೆಯೇ, ನಿಲ್ಲುವಾಗ. ಕಾರಣಗಳು ಮೂರ್ನಾಲ್ಕು. ಬಿಡಿಸುವುದು ತಡವಾಗುತ್ತದೆ. ಅಥವಾ ಎಡಗಾಲು ಬಿಡಿಸಿರುತ್ತಾರೆ, ಮೈಭಾರ ಬಲಕ್ಕೆ ವಾಲಿರುತ್ತದೆ. ಅಥವಾ ಏರಿನಲ್ಲಿ ಗೇರು ಸಾಲದೆ ಸೈಕಲ್ ನಿಂತೇಬಿಡುತ್ತದೆ, ಯೋಚಿಸಲು ಸಮಯವೇ ಇರುವುದಿಲ್ಲ. ನಾಲ್ಕನೆಯದನ್ನು ಜನ ಗಮನಿಸುವುದೇ ಇಲ್ಲ: ಕ್ಲೀಟಿನ ಬೋಲ್ಟ್ ಸಡಿಲವಾಗಿರುವುದು. ಹಿಮ್ಮಡಿ ತಿರುಗಿಸಿದರೆ ಶೂ ತಿರುಗುತ್ತದೆ, ಕ್ಲೀಟ್ ಮಾತ್ರ ಪೆಡಲಿನಲ್ಲೇ ಕಚ್ಚಿಕೊಂಡು ನಿಲ್ಲುತ್ತದೆ. ಎಷ್ಟು ತಿರುಚಿದರೂ ಕಾಲು ಬರುವುದಿಲ್ಲ. ಹೊಸ ಕ್ಲೀಟ್ ಹಾಕಿದ ಮೊದಲ ಸವಾರಿ ಆದ ಮೇಲೆ ಬೋಲ್ಟ್ ಇನ್ನೊಮ್ಮೆ ಬಿಗಿಮಾಡಿ, ಆಮೇಲೆ ತಿಂಗಳಿಗೊಮ್ಮೆ ನೋಡಿ. 4 ಮಿ.ಮೀ. ಅಲನ್ ಕೀ ಸಾಕು, ಬಿಗಿತ 5ರಿಂದ 6 ನ್ಯೂಟನ್ ಮೀಟರ್.

ಇನ್ನು ಯಾವುದನ್ನು ಕೊಳ್ಳುವುದು. ಹೆಸರಿನ ಗೊಂದಲದಿಂದ ಶುರು ಮಾಡುತ್ತೇನೆ. ಮೊದಲು ರೇಸಿನವರು ಪೆಡಲಿನ ಮುಂದೆ ಪಂಜರದಂಥ ಟೋ ಕ್ಲಿಪ್ ಹಾಕಿ ತೊಗಲಿನ ಪಟ್ಟಿಯಿಂದ ಕಾಲು ಬಿಗಿಯುತ್ತಿದ್ದರು. ಆ ಕ್ಲಿಪ್ ಇಲ್ಲದ್ದು ಎಂಬ ಅರ್ಥದಲ್ಲಿ ಕ್ಲಿಪ್‌ಲೆಸ್. ಹಿಮದ ಸ್ಕೀಗೆ ಬೂಟು ಸಿಕ್ಕಿಸುವ ಸಾಧನ ಮಾಡುತ್ತಿದ್ದ ಫ್ರಾನ್ಸಿನ ಲುಕ್ ಕಂಪನಿ 1984ರಲ್ಲಿ ಅದೇ ಉಪಾಯವನ್ನು ಸೈಕಲ್ಲಿಗೆ ತಂದಿತು. ಮರುವರ್ಷ ಬರ್ನಾರ್ ಇನೋ ಅದನ್ನು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. ನಿಮಗೆ ಅಂಗಡಿಯಲ್ಲಿ ತೋರಿಸಿದ ಮೂರು ಬೋಲ್ಟಿನ ಕ್ಲೀಟ್ ಆ ವಂಶದ್ದು. 1990ರಲ್ಲಿ ಜಪಾನಿನ ಶಿಮಾನೊ ಎಸ್‌ಪಿಡಿ ತಂದಿತು: ಎರಡು ಬೋಲ್ಟಿನ ಸಣ್ಣ ಲೋಹದ ಕ್ಲೀಟ್, ಅದೂ ಅಟ್ಟೆಯ ಗುಳಿಯೊಳಗೆ ಅಡಗಿ ಕೂರುವಂಥದ್ದು. ಅದನ್ನು ಹಾಕಿಕೊಂಡು ನಡೆಯಬಹುದು.

ಮೂರು ಬೋಲ್ಟಿನದನ್ನು ನಾನು ನಿಮಗೆ ಬೇಡ ಎನ್ನುತ್ತೇನೆ. ಪೆಡಲಿನ ಮೇಲೆ ಅದು ಅಗಲವಾಗಿ, ಗಟ್ಟಿಯಾಗಿ ಕೂರುತ್ತದೆ ನಿಜ. ಕೆಳಗಿಳಿದರೆ ಮಾತ್ರ ಅಟ್ಟೆಯಿಂದ ಹೊರಗೆ ಚಾಚಿಕೊಂಡ ನುಣುಪಾದ ಪ್ಲಾಸ್ಟಿಕ್ ತುಂಡು. ನಮ್ಮಲ್ಲಿ ಜುಲೈ ತಿಂಗಳಲ್ಲಿ ಪಾಚಿ ಕಟ್ಟದ ಅಂಗಳ ಯಾವುದಿದೆ ಹೇಳಿ? ಏರಿನಲ್ಲಿ ಇಳಿದು ತಳ್ಳಬೇಕಾದರೆ ಹಿಮ್ಮಡಿಯ ಮೇಲೆ ಬಾತುಕೋಳಿಯ ಹಾಗೆ ನಡೆಯಬೇಕು. ಕೆಂಪು ಮಣ್ಣು ಮೆತ್ತಿಕೊಂಡರೆ ಅದು ಪೆಡಲಿಗೆ ಕೂರುವುದಿಲ್ಲ. ನಡೆದಷ್ಟೂ ಸವೆಯುತ್ತದೆ, ಸವೆದ ಕ್ಲೀಟ್ ಯಾವಾಗ ಬಿಡುತ್ತದೆ, ಯಾವಾಗ ಹಿಡಿಯುತ್ತದೆ ಎಂದು ನಂಬುವ ಹಾಗಿಲ್ಲ. ಸಿದ್ದಾಪುರ, ಮಾಲ್ದಾರೆ ಕಡೆ ಹೋಗುವವರಿಗೆ ಇನ್ನೊಂದು ಮಾತು: ತೋಟದ ಬೇಲಿ ಪಕ್ಕ ಆನೆ ನಿಂತಿದ್ದರೆ ಥಟ್ಟನೆ ನಿಂತು, ಸೈಕಲ್ ತಿರುಗಿಸಿ, ಮತ್ತೆ ಹೊರಡಬೇಕು. ಕಾಲು ತಕ್ಷಣ ಬಿಡುವಂಥದ್ದು, ಶೂ ಓಡಲು ಬರುವಂಥದ್ದು ಇರಬೇಕು.

ಟೋ ಕ್ಲಿಪ್ ಅಗ್ಗ ಎಂದು ಕೆಲವರು ಮೊದಲು ಅದನ್ನು ಹಾಕುತ್ತಾರೆ. ಪಟ್ಟಿ ಬಿಗಿದರೆ ಕಾಲನ್ನು ಹಿಂದಕ್ಕೆ ಎಳೆದೇ ತೆಗೆಯಬೇಕು, ಕ್ಲಿಪ್‌ಲೆಸ್‌ಗಿಂತ ಕಷ್ಟ. ಬೇಡ.

ಸಣ್ಣ ಮೊಳೆಗಳಿರುವ ಒಳ್ಳೆಯ ಫ್ಲ್ಯಾಟ್ ಪೆಡಲ್, ರಬ್ಬರ್ ಅಟ್ಟೆಯ ಚಪ್ಪಟೆ ಶೂ ಹಾಕಿಕೊಂಡು ಕೊನೆತನಕ ಇರುವುದೂ ಸರಿಯಾದ ಆಯ್ಕೆಯೇ. ಅದರಿಂದ ಮರ್ಯಾದೆ ಏನೂ ಕಡಿಮೆಯಾಗುವುದಿಲ್ಲ. ಕಾಲು ತಪ್ಪಿದರೆ ಮೊಳೆಗಳು ಮೊಣಕಾಲಿನ ಕೆಳಗೆ ತರಚುತ್ತವೆ, ಅದೊಂದೇ ತೊಂದರೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಒಂದು ಬದಿ ಫ್ಲ್ಯಾಟ್, ಇನ್ನೊಂದು ಬದಿ ಎಸ್‌ಪಿಡಿ ಇರುವ ಪೆಡಲ್ ಕೊಳ್ಳುತ್ತಿದ್ದೆ. ಶಿಮಾನೊದ ಇಎಚ್500 ಆ ಜಾತಿಯದು. ಅಂಗಡಿಗೆ ಚಪ್ಪಲಿಯಲ್ಲಿ ಹೋಗಬಹುದು. ಏರಿನ ಮಧ್ಯೆ ನಿಂತು ಮತ್ತೆ ಹೊರಡುವಾಗ ಫ್ಲ್ಯಾಟ್ ಬದಿಯಲ್ಲಿ ತುಳಿದು ಹೊರಟು, ಸಮದಾರಿ ಬಂದಾಗ ಸಿಕ್ಕಿಸಿಕೊಳ್ಳಬಹುದು. ಊರೊಳಗೆ, ಬಸ್‌ಸ್ಟ್ಯಾಂಡ್ ಹತ್ತಿರ ಎರಡೂ ಕಾಲು ಬಿಡಿಸಿಯೇ ಇರಬಹುದು. ಬೇಕಾದ ಬದಿ ಯಾವುದೆಂದು ಕೆಳಗೆ ನೋಡಿ ಹುಡುಕಬೇಕಾದದ್ದು ಅದರ ಕಿರಿಕಿರಿ. ಟ್ರಾಫಿಕ್ಕಿನಲ್ಲಿ ಕಣ್ಣು ರಸ್ತೆ ಬಿಡಬಾರದು, ಸಿಗದಿದ್ದರೆ ಹಾಗೇ ತುಳಿಯಿರಿ. ಎಂ520ಯಂಥ ಎರಡೂ ಬದಿ ಸಿಕ್ಕಿಸುವ ಪೆಡಲಿನಲ್ಲಿ ಈ ಹುಡುಕಾಟ ಇಲ್ಲ, ಆದರೆ ಚಪ್ಪಲಿಗೆ ಅದು ಒಗ್ಗುವುದಿಲ್ಲ. ತೋಟದ ಕೆಸರು ದಾರಿಯಲ್ಲೇ ಹೆಚ್ಚು ಓಡಾಡುವವರಿಗೆ ಕ್ರ್ಯಾಂಕ್‌ಬ್ರದರ್ಸ್‌ನ ಎಗ್‌ಬೀಟರ್ ಚೆನ್ನ, ನಾಲ್ಕು ಕಡೆ ಹಿಡಿಯುತ್ತದೆ, ಮಣ್ಣು ಉದುರಿಹೋಗುತ್ತದೆ. ಅದರಲ್ಲಿ ಸ್ಪ್ರಿಂಗಿನ ಬಿಗಿ ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ, ನಿಮ್ಮ ಮಂಡಿಯ ಕಾರಣಕ್ಕೆ ನಾನು ಅದನ್ನು ಹೇಳುವುದಿಲ್ಲ.

ಎಸ್‌ಪಿಡಿ ಕೊಂಡರೆ ಕ್ಲೀಟಿನ ನಂಬರ್ ನೋಡಿ. ಎಸ್‌ಎಚ್51 ಹಿಮ್ಮಡಿ ಪಕ್ಕಕ್ಕೆ ತಿರುಗಿಸಿದರೆ ಮಾತ್ರ ಬಿಡುತ್ತದೆ. ಎಸ್‌ಎಚ್56 ಗಾಬರಿಯಲ್ಲಿ ಓರೆಯಾಗಿ ಮೇಲಕ್ಕೆ ಕಿತ್ತರೂ ಬಿಡುತ್ತದೆ. ಹೊಸಬರಿಗೆ 56 ಹಾಕುತ್ತೇನೆ. ಎದ್ದು ನಿಂತು ಜೋರಾಗಿ ಕಾಲೆಳೆದರೆ ಅದು ಬೇಡದ ಹೊತ್ತಿನಲ್ಲೂ ಬಿಟ್ಟುಬಿಡಬಹುದು, ಇಳಿಜಾರಿನಲ್ಲಿ ಅದೊಂದು ಎಚ್ಚರ ಇರಲಿ. ಪೆಡಲಿನ ಸ್ಪ್ರಿಂಗನ್ನು ಪೂರ್ತಿ ಸಡಿಲದ ಕಡೆಗೆ ತಿರುಗಿಸಿಡಿ.

ಮಂಡಿಗೆ ಬರೋಣ. ಕಾಲು ಬಿಡಿಸುವುದೆಂದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಗಿಸುವುದು, ಆ ತಿರುವು ಮಂಡಿಯನ್ನು ಹಾದೇ ಹೋಗುತ್ತದೆ. ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿ. ಗೋಡೆ ಹಿಡಿದು, ಮಂಡಿ ಸ್ವಲ್ಪ ಬಾಗಿಸಿ, ಬಲಪಾದದ ಮುಂಭಾಗ ನೆಲದಲ್ಲಿಟ್ಟು, ಹಿಮ್ಮಡಿಯನ್ನು ಇಪ್ಪತ್ತು ಸಲ ಹೊರಕ್ಕೆ ತಿರುಗಿಸಿ. ಮಂಡಿಯ ಒಳಗೆ ಚುಚ್ಚಿದರೆ, ಎಲ್ಲೋ ಸಿಕ್ಕಿಕೊಂಡ ಹಾಗಾದರೆ, ಅಥವಾ ಆಗಾಗ ಮಂಡಿ ಊದಿಕೊಳ್ಳುವ ಅಭ್ಯಾಸ ಇದ್ದರೆ ಈ ಯೋಚನೆ ಬದಿಗಿಟ್ಟು ಮೊದಲು ಮೂಳೆ ಡಾಕ್ಟರ್ ಅಥವಾ ಫಿಸಿಯೊ ಹತ್ತಿರ ಹೋಗಿ. ಹಾಕಿ ಆಟದಲ್ಲಿ ತಿರುಚಿದ ಮಂಡಿ ಎಂದರೆ ಒಳಗಿನ ಮೆದು ಎಲುಬಿಗೆ ಏಟಾಗಿರುವ ಸಾಧ್ಯತೆಯೂ ಇದೆ, ಅದನ್ನು ಸೈಕಲ್ ಮೆಕ್ಯಾನಿಕ್ ಹೇಳಲು ಬರುವುದಿಲ್ಲ.

ಕ್ಲೀಟ್ ಕೂರಿಸುವುದನ್ನು ಅಂಗಡಿಯವರು ಎರಡು ನಿಮಿಷದಲ್ಲಿ ಮುಗಿಸಲು ಬಿಡಬೇಡಿ. ಶೂ ಹಾಕಿಕೊಂಡು ಹೆಬ್ಬೆರಳಿನ ಬುಡದ ಗಂಟು ಎಲ್ಲಿದೆ ಎಂದು ಹೊರಗಿನಿಂದ ಒತ್ತಿ ಗುರುತು ಮಾಡಿ, ಕಿರುಬೆರಳಿನ ಬುಡದ್ದನ್ನೂ ಮಾಡಿ. ಪೆಡಲಿನ ಅಚ್ಚು ಈ ಎರಡು ಗುರುತಿನ ನಡುವೆ ಬರಬೇಕು, ಕೂದಲೆಳೆ ಹಿಂದಾದರೂ ಸರಿ, ಮುಂದೆ ಬೇಡ. ಆಮೇಲೆ ಎತ್ತರದ ಮೇಜಿನ ಮೇಲೆ ಕುಳಿತು ಕಾಲು ಇಳಿಬಿಡಿ. ಪಾದಗಳು ತಾವಾಗಿ ಯಾವ ಕಡೆ ಮುಖ ಮಾಡುತ್ತವೋ ಅದೇ ಕೋನಕ್ಕೆ ಕ್ಲೀಟ್ ತಿರುಗಿಸಿ. ಎರಡೂ ಪಾದ ಒಂದೇ ಥರ ಇರಬೇಕೆಂದಿಲ್ಲ. ಮಂಡಿಯ ಎಡಬಲದಲ್ಲಿ ನೋವು ಬಂದರೆ ಕೋನ ನೋಡಿ. ಚಿಪ್ಪಿನ ಮುಂದೆ ಬಂದರೆ ಸೀಟು ತಗ್ಗಾಗಿದೆ, ಹಿಂದೆ ಬಂದರೆ ಎತ್ತರವಾಗಿದೆ ಎಂದು ಅನುಮಾನಿಸಿ. ಹೊಸ ಶೂ, ಹೊಸ ಪೆಡಲ್ ಬಂದಾಗ ಪಾದ ಮತ್ತು ಅಚ್ಚಿನ ನಡುವಿನ ದಪ್ಪ ಬದಲಾಗುವುದರಿಂದ ಸೀಟಿನ ಎತ್ತರ ಮತ್ತೆ ಅಳೆಯಲೇಬೇಕು.

ಪೆಡಲ್ ನೀವೇ ಹಾಕುವುದಾದರೆ ಎಡಗಡೆಯದಕ್ಕೆ ಉಲ್ಟಾ ಮರೆ (ಥ್ರೆಡ್) ಇರುತ್ತದೆ. ಯಾವ ಬದಿಯಾದರೂ ಸ್ಪಾನರಿನ ಮೇಲ್ತುದಿಯನ್ನು ಮುಂದಿನ ಚಕ್ರದ ಕಡೆ ತಿರುಗಿಸಿದರೆ ಬಿಗಿಯಾಗುತ್ತದೆ. ಗ್ರೀಸ್ ಹಚ್ಚಿ, ಮೊದಲ ನಾಲ್ಕು ಸುತ್ತು ಬೆರಳಿನಲ್ಲೇ ತಿರುಗಿಸಿ.

ಶೂಗೆ ಪೆಡಲ್‌ಗಿಂತ ಹೆಚ್ಚು ಹಣ ಇಡಿ, ಕಾರ್ಬನ್‌ಗೆ ಮಾತ್ರ ಬೇಡ. ನೈಲಾನ್ ಅಟ್ಟೆ, ಕೆಳಗೆ ರಬ್ಬರ್ ಹಲ್ಲುಗಳು, ಎರಡು ಬೋಲ್ಟಿನ ಗುಳಿ, ಇಷ್ಟಿದ್ದರೆ ಸಾಕು. ಅಗಲ ಪಾದದವರು ಮಾಡುವ ತಪ್ಪೆಂದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳುವುದು. ಅಗಲ ಸಿಗುತ್ತದೆ, ಆದರೆ ಹಿಮ್ಮಡಿ ಮೇಲಕ್ಕೆ ಜಾರುತ್ತದೆ, ಕ್ಲೀಟ್ ಜಾಗ ತಪ್ಪುತ್ತದೆ. ಶಿಮಾನೊ ಕೆಲವು ಮಾದರಿಗಳನ್ನು ಅಗಲ ಅಳತೆಯಲ್ಲೂ ಮಾಡುತ್ತದೆ, ಅದನ್ನು ಕೇಳಿ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿರುವಾಗ, ಗೋಡೆಗೆ ಹಿಮ್ಮಡಿ ತಾಗಿಸಿ ಕಾಗದದ ಮೇಲೆ ನಿಂತು ಎರಡೂ ಪಾದದ ಉದ್ದ, ಅಗಲ ಮಿಲಿಮೀಟರಿನಲ್ಲಿ ಬರೆದುಕೊಂಡು ಹೋಗಿ. ಸವಾರಿಗೆ ಹಾಕುವ ಕಾಲುಚೀಲವನ್ನೇ ಹಾಕಿ ನೋಡಿ. ಅರ್ಧ ಗಂಟೆಯಲ್ಲಿ ಕಿರುಬೆರಳು ಜೋಮು ಹಿಡಿದರೆ ಆ ಶೂ ನಿಮ್ಮದಲ್ಲ, ‘ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ’ ಎಂಬ ಮಾತು ನಂಬಬೇಡಿ. ಲೇಸ್ ಬೇಡ, ಚೈನಿಗೆ ಸಿಗುತ್ತದೆ. ವೆಲ್ಕ್ರೋ ಆದರೆ ತಲಕಾವೇರಿಯ ಮೆಟ್ಟಿಲ ಬುಡದಲ್ಲಿ ಬಿಚ್ಚಿ ಹಾಕುವುದಕ್ಕೂ ಸುಲಭ.

ಅಭ್ಯಾಸಕ್ಕೆ ಆತುರ ಬೇಡ. ಈ ಮಳೆಗಾಲ ಫ್ಲ್ಯಾಟ್ ಪೆಡಲ್ ಮತ್ತು ಹೊಸ ಕ್ಯಾಸೆಟ್ಟಿನಲ್ಲಿ ಕಳೆಯಿರಿ. ಅಕ್ಟೋಬರ್ ಮುಗಿಯುತ್ತಾ ನೆಲ ಒಣಗಿದ ಮೇಲೆ ಜಗಲಿಯ ಕಂಬ ಹಿಡಿದು ಸೀಟಿನ ಮೇಲೆ ಕೂತು, ಒಂದೊಂದು ಕಾಲನ್ನು ಐವತ್ತು ಸಲ ಸಿಕ್ಕಿಸಿ ಬಿಡಿಸಿ. ಪೆಡಲ್ ಕೆಳಗೆ ಇರುವಾಗ ಬಿಡಿಸುವುದು ಸುಲಭ. ಆಮೇಲೆ ಶಾಲೆಯ ಮೈದಾನದ ಹುಲ್ಲಿನ ಮೇಲೆ. ಕಾಫಿ ಕಣ ಖಾಲಿ ಇದೆ ಎಂದು ಅಲ್ಲಿಗೆ ಹೋಗಬೇಡಿ, ಸಿಮೆಂಟಿನ ಮೇಲೆ ಬಿದ್ದರೆ ಏಟು ಜೋರು. ನಿಲ್ಲಬೇಕಾದ ಜಾಗಕ್ಕೆ ಹದಿನೈದು ಮೀಟರ್ ಇರುವಾಗಲೇ ಕಾಲು ಬಿಡಿಸಿ, ಬಿಡಿಸಿದ ಕಡೆಗೇ ಮೈ ಸ್ವಲ್ಪ ವಾಲಿಸಿ ನಿಲ್ಲಿ. ಎರಡೂ ಕಾಲಿಗೆ ಇದು ಬರಬೇಕು, ಯಾಕೆಂದರೆ ನಮ್ಮ ರಸ್ತೆಯಲ್ಲಿ ಎಡಕ್ಕೆ ಚರಂಡಿ ಇದ್ದರೆ ಬಲಗಾಲನ್ನೇ ಊರಬೇಕಾಗುತ್ತದೆ. ಏರಿನಲ್ಲಿ ಕಾಲು ಸೋಲುತ್ತಿದೆ ಅನ್ನಿಸಿದ ಕ್ಷಣವೇ ಬಿಡಿಸಿ, ಇನ್ನೊಂದು ತುಳಿತ ನೋಡೋಣ ಎಂದು ಕಾಯಬೇಡಿ. ಬೀಳುವುದು ಖಚಿತ ಎನಿಸಿದರೆ ಹ್ಯಾಂಡಲ್ ಬಿಡದೆ ಪಕ್ಕಕ್ಕೆ ವಾಲಿಬಿಡಿ, ಕೈ ಚಾಚಬೇಡಿ. ಗ್ಲೌಸ್ ಹಾಕಿರಿ.

ಕೊನೆಗೆ ನಮ್ಮ ಮಳೆ. ಶೂ ತಡೆಯುತ್ತದೆ, ನೋಡಿಕೊಂಡರೆ. ಕ್ಲೀಟಿನ ಬೋಲ್ಟಿನ ಆರು ಮೂಲೆಯ ಗುಳಿಗೆ ಕೆಂಪು ಮಣ್ಣು ತುಂಬಿ, ತುಕ್ಕು ಹಿಡಿದು, ಮುಂದಿನ ವರ್ಷ ಅಲನ್ ಕೀ ಹಿಡಿಯದೆ ಡ್ರಿಲ್ ಮಾಡಿ ತೆಗೆದ ಶೂಗಳು ನನ್ನ ಹತ್ತಿರ ಎಷ್ಟೋ ಬಂದಿವೆ. ಬೋಲ್ಟಿಗೆ ಗ್ರೀಸ್ ಹಚ್ಚಿ ಬಿಗಿದು, ಮೇಲಿನ ಗುಳಿಗೆ ಮೇಣದಬತ್ತಿಯ ಮೇಣ ತೊಟ್ಟಿಕ್ಕಿಸಿ ತುಂಬಿಬಿಡಿ. ಬೇಕಾದಾಗ ಪಿನ್ನಿನಿಂದ ಕೆರೆದರೆ ಬರುತ್ತದೆ. ಮನೆಗೆ ಬಂದ ಕೂಡಲೇ ಅಟ್ಟೆ ತೊಳೆದು, ಒಳಗಿನ ಪದರ ಹೊರತೆಗೆದು, ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಪೇಪರ್ ಬದಲಿಸಿ. ಒಲೆಯ ಮೇಲಿನ ಹಗ್ಗಕ್ಕೆ ಬಟ್ಟೆಯ ಜೊತೆ ನೇತುಹಾಕಬೇಡಿ. ಆ ಕಾವಿಗೆ ಅಂಟು ಸಡಿಲವಾಗಿ, ಒಂದು ದಿನ ನೀವು ಕಾಲು ಬಿಡಿಸುವಾಗ ಅಟ್ಟೆ ಪೆಡಲಿನಲ್ಲೇ ಉಳಿದು ಶೂ ಮಾತ್ರ ಕೈಗೆ ಬರುತ್ತದೆ.